ಪೇಪರಣ್ಣ ತೆಗೆದಿಟ್ಟ ಹಾಳೆಗಳು

ನಮ್ಮ ಬೀದಿಗೆ ಮೂವತ್ತೊಂದು ವರ್ಷ ಪತ್ರಿಕೆ ಹಾಕಿದವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದನ್ನು ನಾನು ಮೊದಲ ಸಲ ಓದಿದ್ದು ಹೋದ ತಿಂಗಳು, ಪತ್ರಿಕೆಯ ನಿಧನವಾರ್ತೆಯಲ್ಲಿ. ಯಾರೋ ಎಂದುಕೊಂಡು ಪುಟ ಮಗುಚಿದ್ದೆ. ಮೂಲೆಯಲ್ಲಿದ್ದ ಚಿಕ್ಕ ಫೋಟೋ ಕಣ್ಣಿಗೆ ಬಿದ್ದು ಮತ್ತೆ ಹಿಂದಕ್ಕೆ ಬಂದೆ. ಎರಡು ತಿಂಗಳು ಹಾಸಿಗೆ ಹಿಡಿದಿದ್ದನಂತೆ. ಎರಡೇ ಬೀದಿ ಆಚೆಗಿನ ಮನೆ, ನೋಡಲು ಹೋಗಿರಲಿಲ್ಲ. ನಮಗೆಲ್ಲ ಅವನು ಪೇಪರಣ್ಣ. ಇಲ್ಲಿಯೂ ಹಾಗೇ ಇರಲಿ, ಆ ಇನ್ನೊಂದು ಹೆಸರು ಅವನಿಗೂ ಅಷ್ಟು ಬಳಕೆಯಲ್ಲಿರಲಿಲ್ಲ.

ನಾನು ಅದೇ ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಕೂತವನು. ವರದಿಗಾರರು ಬರೆದು ಕಳಿಸಿದ್ದನ್ನು ಕತ್ತರಿಸಿ, ತಿದ್ದಿ, ಮೇಲೊಂದು ತಲೆಬರಹ ಕೂರಿಸುವ ಕೆಲಸ. ನಾವು ತಯಾರಿಸಿದ್ದನ್ನು ಪೇಪರಣ್ಣ ಮನೆಮನೆಗೆ ಮುಟ್ಟಿಸುತ್ತಿದ್ದ. ಹಾಗೆ ನೋಡಿದರೆ ಇಬ್ಬರೂ ಒಂದೇ ಹಗ್ಗದ ಎರಡು ತುದಿ. ನನಗೆ ಫ್ಯಾನಿನ ಕೆಳಗಿನ ತುದಿ ಸಿಕ್ಕಿತ್ತು, ಅವನಿಗೆ ಸೈಕಲ್ಲಿನ ತುದಿ. ಪತ್ರಿಕೆಯ ಬಗ್ಗೆ ನಂಬಿಕೆ ಮಾತ್ರ ಪೂರ್ತಿ ಅವನ ಪಾಲಿಗೇ ಬಂದಿತ್ತು. ಒಳಗೆ ಕೂತು ಅಡುಗೆ ಮಾಡುವವರಿಗೆ ಹಸಿವೆ ಸತ್ತುಹೋಗಿರುತ್ತದಲ್ಲ, ನನ್ನದು ಆ ಸ್ಥಿತಿ.

ಒಮ್ಮೆ, ನಾವು ಊರಿಗೆ ಹೋಗುವ ನಾಲ್ಕು ದಿನ ಪತ್ರಿಕೆ ಬೇಡ ಎಂದು ಹೇಳಲು, ಬೆಳಿಗ್ಗೆ ಐದಕ್ಕೇ ಅವನ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲಿ ಕುರ್ಚಿ ಇಲ್ಲ, ಮೇಜಿಲ್ಲ, ಗೋಡೆಯುದ್ದಕ್ಕೂ ಪತ್ರಿಕೆಯ ಕಟ್ಟುಗಳು. ನಡುವೆ ಅವನು ಚಕ್ಕಳಮಕ್ಕಳ ಹಾಕಿ ಕೂತು, ಹೆಬ್ಬೆರಳಿಗೆ ಹಳೇ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಂಡು, ಪ್ರತಿಯೊಂದರ ಹೊಟ್ಟೆಗೂ ಒಂದು ಕರಪತ್ರ ತುರುಕುತ್ತಿದ್ದ. ಟ್ಯೂಷನ್, ಹಲ್ಲಿನ ಡಾಕ್ಟರು, ಸೋಫಾ ರಿಪೇರಿ. ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು, ಕಣ್ಣು ಮುಖಪುಟ ಓದುತ್ತಿತ್ತು. ಸುತ್ತು ಹೊರಡುವ ಹೊತ್ತಿಗೆ ಅವನಿಗೆ ಅರ್ಧ ಪತ್ರಿಕೆ ಬಾಯಿಪಾಠ.

ಆಮೇಲೆ ಅದನ್ನು ಬೀದಿಗೆ ಬಡಿಸುತ್ತಿದ್ದ. ಗೇಟಿನ ಹತ್ತಿರ ನಿಂತವರಿಗೆ ಒಂದು ಸುದ್ದಿ, ನೀರು ಹಿಡಿಯುವವರಿಗೆ ಒಂದು ಸುದ್ದಿ, ಸುತ್ತು ಮುಗಿಸಿ ಹತ್ತು ಗಂಟೆಗೆ ಟೈಲರ್ ಅಂಗಡಿಯಲ್ಲಿ ಟೀ ಕುಡಿಯುತ್ತ ಉಳಿದದ್ದು. ಯಾರಾದರೂ ಹೌದೇನಯ್ಯ ಎಂದು ಅನುಮಾನಿಸಿದರೆ ಸಾಕು, ಲೋಟ ಕೆಳಗಿಟ್ಟುಬಿಡುತ್ತಿದ್ದ.

"ಪೇಪರಲ್ಲಿ ಬಂದಮೇಲೆ ಇನ್ನೇನು ಕೇಳೋದಿದೆ?"

ಅಲ್ಲಿಗೆ ಮಾತು ಮುಗಿಯಿತು. ಪಕ್ಕದ ಬೀದಿಯ ಒಬ್ಬ ದಿನಸಿ ಅಂಗಡಿಯವನ ತಕ್ಕಡಿ ಸರಿಯಿಲ್ಲ ಎಂದು ಒಂದು ಸಲ ನಮ್ಮ ಪತ್ರಿಕೆಯಲ್ಲಿ ಬಂತು. ಪೇಪರಣ್ಣ ಅದನ್ನು ಇಡೀ ದಿನ ಟಾಂಟಾಂ ಮಾಡಿದ. ಅಂಗಡಿಯವನು ತಕ್ಕಡಿಯನ್ನೇ ಹೊತ್ತುಕೊಂಡು ಟೈಲರ್ ಅಂಗಡಿಗೆ ಬಂದು, "ಬೇಕಾದ್ರೆ ನೀವೇ ತೂಗಿ ನೋಡಿ" ಎಂದು ಗೋಗರೆದ. ಯಾರೂ ತೂಗಲಿಲ್ಲ. ಪೇಪರಣ್ಣ ಅವನಿಗೂ ಅದೇ ಮಾತು ಹೇಳಿದ. ಎರಡು ತಿಂಗಳಲ್ಲಿ ಅಂಗಡಿ ಮುಚ್ಚಿತು. ತಕ್ಕಡಿ ಸರಿಯಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಆ ಸುದ್ದಿಗೆ ತಲೆಬರಹ ಕೊಟ್ಟ ನನಗೇ.

ಮನೆಯಲ್ಲಿ ಅವನಿಗೆ ಇದ್ದವಳು ಅಕ್ಕ ಒಬ್ಬಳೇ. ಏಳು ವರ್ಷ ದೊಡ್ಡವಳು, ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದವಳು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿ ಕೇಳಿ ಜನ ಸುಸ್ತಾಗಿ ಬಿಟ್ಟಿದ್ದರು. ಆಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂರುತ್ತಿದ್ದಳು. ಓದು ಬಾರದ ಮುದುಕರಿಗೆ ಮಾತ್ರೆಯ ಪೊಟ್ಟಣದ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಚಿತ್ರ ಬರೆದುಕೊಡುತ್ತಿದ್ದಳು. ಎಷ್ಟು ಉದ್ದ ಸಾಲಿದ್ದರೂ ಬರೆಯುತ್ತಿದ್ದಳು, ಹಿಂದೆ ನಿಂತವರು ಗೊಣಗುತ್ತಿದ್ದರು. ನನ್ನ ಅತ್ತೆ ಮಾತ್ರೆ ತಿನ್ನುತ್ತಿದ್ದದ್ದೇ ಆ ಚಂದ್ರನನ್ನು ನೋಡಿಕೊಂಡು.

ಹನ್ನೆರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಜ್ವರಕ್ಕೆಂದು ಆಕೆಯ ಕಿಟಕಿಯಿಂದ ಔಷಧಿ ಒಯ್ದಿದ್ದ ಮೂರು ವರ್ಷದ ಮಗು ಪ್ರಜ್ಞೆ ತಪ್ಪಿತು. ಮಗುವನ್ನು ಎತ್ತಿಕೊಂಡು ಓಡಿಬಂದ ಅಪ್ಪ ಆಸ್ಪತ್ರೆಯ ಅಂಗಳದಲ್ಲಿ ನಿಂತು ಗಂಟಲು ಹರಿದುಕೊಂಡ, ಡೇಟ್ ಮುಗಿದ ಔಷಧಿ ಕೊಟ್ಟಿದ್ದಾರೆ ಎಂದು. ಬಾಟಲಿಯ ಮೇಲೆ ಇನ್ನೂ ಎಂಟು ತಿಂಗಳ ಅವಧಿಯಿತ್ತು. ಅವನು ನೋಡಿರಲಿಲ್ಲ, ಮಗು ಕೈಯಲ್ಲಿ ನೇತಾಡುತ್ತಿರುವಾಗ ಯಾವ ಅಪ್ಪ ನೋಡುತ್ತಾನೆ? ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಬೇರೆ ಯಾವುದೋ ಸಭೆಗೆಂದು ಅಲ್ಲಿಗೆ ಬಂದಿದ್ದ ನಮ್ಮ ವರದಿಗಾರನೂ ನೋಡಲಿಲ್ಲ. ಅಂಗಳದಲ್ಲೇ ಹನ್ನೆರಡು ಸಾಲು ಬರೆದು ಕಳಿಸಿದ. ಜೊತೆಗೊಂದು ಫೋಟೋ ಕಳಿಸಿದ, ಹಿಂದಿನ ವರ್ಷದ ರಕ್ತದಾನ ಶಿಬಿರದ್ದು. ಅದರಲ್ಲಿ ಅಕ್ಕ ಬಾಯ್ತುಂಬ ನಗುತ್ತಿದ್ದಳು.

ಸ್ಥಳೀಯ ಸುದ್ದಿಯ ಐದನೆಯ ಪುಟ ಸಂಜೆ ಏಳಕ್ಕೆ ಅಚ್ಚಿಗೆ ಹೋಗಬೇಕು. ಆ ಸುದ್ದಿ ನನ್ನ ಮುಂದೆ ಬಂದಾಗ ಆರೂ ನಲವತ್ತು. ವರದಿಗಾರ ತಲೆಬರಹಕ್ಕೆಂದು ಬರೆದದ್ದು, ಅವಧಿ ಮುಗಿದ ಔಷಧಿ ಕೊಟ್ಟ ಆರೋಪ, ಮಗು ಅಸ್ವಸ್ಥ ಎಂದು. ಮೂರು ಕಾಲಮ್ಮಿನ ಅಗಲಕ್ಕೆ ಒಂದು ಪದ ಜಾಸ್ತಿಯಾಗುತ್ತಿತ್ತು. ಅಕ್ಷರ ಸಣ್ಣದು ಮಾಡಬಹುದಿತ್ತು, ಮಾಡಲಿಲ್ಲ. ಸಣ್ಣ ಅಕ್ಷರ ಪುಟದಲ್ಲಿ ಸಪ್ಪೆಯಾಗಿ ಕಾಣುತ್ತದೆ. 'ಆರೋಪ' ಎನ್ನುವುದನ್ನು ತೆಗೆದುಹಾಕಿದೆ. ಅವಧಿ ಮುಗಿದ ಔಷಧಿ ಕೊಟ್ಟರು, ಮಗು ಅಪಾಯದಲ್ಲಿ ಎಂದು ಕೂರಿಸಿದೆ. ಚೆನ್ನಾಗಿ ಕೂತಿತು.

ಆ ಮುಖದ ಗುರುತು ನನಗೆ ಸಿಗಲಿಲ್ಲ ಎಂದು ಹೇಳಿಬಿಡಬಹುದು. ಸಿಕ್ಕಿತ್ತು. ಅರೆ, ಇದು ನಮ್ಮ ಪೇಪರಣ್ಣನ ಅಕ್ಕನಲ್ಲವೇ ಎಂದು ಎರಡು ಕ್ಷಣ ಕೈ ನಿಂತಿತ್ತು. ಪರಿಚಯದವರೆಂದು ಸುದ್ದಿ ಮೆತ್ತಗೆ ಮಾಡಬಾರದು ಎಂಬ ದೊಡ್ಡಸ್ತಿಕೆ ಎದ್ದುಬಂತು. ಒಂದು ಫೋನ್ ಮಾಡಿ ಬಾಟಲಿಯ ದಿನಾಂಕ ಕೇಳುವುದು ಮಾತ್ರ ಹೊಳೆಯಲಿಲ್ಲ. ಇಪ್ಪತ್ತು ನಿಮಿಷ ಇತ್ತು. ಅದರಲ್ಲಿ ಹತ್ತು ನಿಮಿಷ ಕ್ಯಾಂಟೀನಿನಲ್ಲಿ ಕಳೆದೆ.

ಮಾರನೆಯ ಬೆಳಿಗ್ಗೆ ಪೇಪರಣ್ಣ ಕಟ್ಟು ಬಿಚ್ಚಿದ. ಅಕ್ಕ ರಾತ್ರಿಯೇ ಅವನಿಗೆ ಎಲ್ಲ ಹೇಳಿ ಅತ್ತಿದ್ದಳು. ಡಾಕ್ಟರೇ ಬಾಟಲಿ ನೋಡಿದ್ದಾರೆ, ದಿನಾಂಕ ಸರಿಯಿದೆ, ಮಗು ಏಳಲಿ ಸಾಕು ಎಂದಿದ್ದಳು. ಈಗ ಒಳಕೋಣೆಯಲ್ಲಿ ಮಲಗಿದ್ದಳು. ಅವನ ಮುಂದೆ ಇನ್ನೂರ ನಲವತ್ತು ಪ್ರತಿ, ಇನ್ನೂರ ನಲವತ್ತರ ಐದನೆಯ ಪುಟದಲ್ಲೂ ಅಕ್ಕ ನಗುತ್ತಿದ್ದಳು. ಜೀವಮಾನವಿಡೀ ಪತ್ರಿಕೆಯನ್ನು ನಂಬಿದವನಿಗೆ, ಪತ್ರಿಕೆಗೆ ಸುಳ್ಳು ಹೇಳಲು ಬರುತ್ತದೆ ಎಂದು ಅವತ್ತು ತಿಳಿಯಿತು. ಅದಕ್ಕಿಂತ ಹೆಚ್ಚಾಗಿ, ಆ ಇನ್ನೂರ ನಲವತ್ತು ಮನೆಯವರು ಅದನ್ನು ಹೇಗೆ ಓದುತ್ತಾರೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಓದುವುದನ್ನು ಕಲಿಸಿದವನೇ ಅವನು.

ಹದಿನಾರು ಪುಟದ ಪತ್ರಿಕೆ ಎಂದರೆ ಒಂದರೊಳಗೊಂದು ಇಟ್ಟ ನಾಲ್ಕು ಬಿಡಿ ಹಾಳೆ. ಐದನೆಯ ಪುಟವಿರುವ ಹಾಳೆಯಲ್ಲಿ ಆರು, ಹನ್ನೊಂದು, ಹನ್ನೆರಡನೆಯ ಪುಟಗಳೂ ಇರುತ್ತವೆ. ಕರಪತ್ರ ತುರುಕಿ ಪಳಗಿದ ಕೈಗೆ ಒಂದು ಹಾಳೆ ಎಳೆಯುವುದು ಏನೂ ಅಲ್ಲ. ಮುಕ್ಕಾಲು ಗಂಟೆಯಲ್ಲಿ ಇನ್ನೂರ ನಲವತ್ತು ಹಾಳೆ ಎಳೆದು, ಅಕ್ಕನ ಮಂಚದ ಕೆಳಗೆ ತಳ್ಳಿ, ಮಿಕ್ಕ ಪತ್ರಿಕೆ ಹೊತ್ತು ಸುತ್ತಿಗೆ ಹೊರಟ. ಅವತ್ತು ಯಾರಿಗೂ ಸುದ್ದಿ ಹೇಳಲಿಲ್ಲವಂತೆ, ಗಂಟಲು ಕಟ್ಟಿದೆ ಎಂದು ಸನ್ನೆ ಮಾಡಿದನಂತೆ.

ನನ್ನ ಪ್ರತಿಯಲ್ಲಿ ನಾಲ್ಕು ಮುಗಿದು ಏಳು ಬಂತು. ಒಮ್ಮೆಲೇ ಅರ್ಥವಾಯಿತು. ನಾಚಿಕೆಯಾಗಬೇಕಿತ್ತು, ನನಗಾದದ್ದು ಸಮಾಧಾನ. ನಾನು ಮಾಡಿದ್ದನ್ನು ಇವನು ಅಳಿಸಿದ, ಇಬ್ಬರೂ ಪಾರಾದೆವು ಎಂದುಕೊಂಡು ಕಾಫಿ ಕುಡಿದೆ.

ಆದರೆ ತೆಗೆದ ಹಾಳೆಯಲ್ಲಿ ಹನ್ನೆರಡನೆಯ ಪುಟವೂ ಹೋಗಿತ್ತಲ್ಲ, ಅದರಲ್ಲಿ ಪದಬಂಧ ಇರುತ್ತಿತ್ತು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹೆಂಡತಿಯ ಜೊತೆ ಮಾತಾಡದೆ ವಾರಗಟ್ಟಲೆ ಇದ್ದಾರು, ಪದಬಂಧ ಬಿಡಿಸದೆ ಒಂದು ಬೆಳಿಗ್ಗೆ ಇರಲಾರರು. ಅಕ್ಕಪಕ್ಕದ ಮನೆಗಳಲ್ಲಿ ಕೇಳಿದರು, ಅಲ್ಲೂ ಹಾಳೆ ಇಲ್ಲ. ಕೋಲು ಊರಿಕೊಂಡು ಬಸ್ ನಿಲ್ದಾಣದವರೆಗೆ ನಡೆದುಹೋಗಿ ಒಂದು ಪ್ರತಿ ಕೊಂಡರು. ಪದಬಂಧ ಹುಡುಕುವಾಗ ಐದನೆಯ ಪುಟ ತೆರೆದುಕೊಂಡಿತು.

ಹತ್ತು ಗಂಟೆಗೆ ನಾನು ಪ್ಯಾಂಟಿನ ಸೊಂಟ ಬಿಡಿಸಿಕೊಳ್ಳಲು ಟೈಲರ್ ಅಂಗಡಿಯಲ್ಲಿದ್ದೆ. ಮೇಷ್ಟ್ರು ಆ ಹಾಳೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹರಡಿದ್ದರು. ಏಳೆಂಟು ಜನ ಸುತ್ತ ಬಗ್ಗಿದ್ದರು. ಪೇಪರಣ್ಣ ಸೈಕಲ್ ಒರಗಿಸಿ ಒಳಗೆ ಕಾಲಿಟ್ಟವನು ಮೇಜು ನೋಡಿ ನಿಂತ.

"ಏನಯ್ಯ, ಇವತ್ತು ನನ್ನ ಪದಬಂಧ ಎಲ್ಲಿ?" ಎಂದರು ಮೇಷ್ಟ್ರು.

"ಮೇಷ್ಟ್ರೇ, ಅದು... ಅಚ್ಚಿನಲ್ಲಿ ಏನೋ..."

"ಬಸ್ ಸ್ಟ್ಯಾಂಡಲ್ಲಿ ಅಚ್ಚು ಚೆನ್ನಾಗೇ ಆಗಿದೆ. ನಿನ್ನ ಕೈಗೆ ಬಂದಮೇಲೆ ಕೆಟ್ಟಿದ್ದಾ?"

ಪೇಪರಣ್ಣ ಒಪ್ಪಿಕೊಂಡ. ಅವನಿಗೆ ಸುಳ್ಳಿನ ಅಭ್ಯಾಸ ಇರಲಿಲ್ಲ. "ಇಲ್ಲ, ನಾನೇ ತೆಗೆದೆ. ಅದರಲ್ಲಿರೋದು ಸುಳ್ಳು. ಡೇಟ್ ಇನ್ನೂ ಎಂಟು ತಿಂಗಳಿದೆ, ಡಾಕ್ಟರ್ ನೋಡಿದ್ದಾರೆ. ಬೇಕಾದ್ರೆ ಈಗಲೇ ಆಸ್ಪತ್ರೆಗೆ ಬನ್ನಿ, ತೋರಿಸ್ತೀನಿ."

"ಸುಳ್ಳಾಗಿದ್ರೆ ಬಚ್ಚಿಡೋದು ಯಾಕೆ?" ಟೈಲರ್ ಮಷಿನ್ನಿನಿಂದ ಕಾಲು ತೆಗೆಯದೆ ಕೇಳಿದ. "ಸುಳ್ಳಾದ್ರೆ ಎದೆ ಉಬ್ಬಿಸಿ ಹಂಚಬೇಕಿತ್ತು."

"ನೋಡು, ಹೇಗೆ ನಗ್ತಿದ್ದಾಳೆ," ಎಂದು ಮೇಷ್ಟ್ರು ಫೋಟೋದ ಮೇಲೆ ಬೆರಳಿಟ್ಟರು. "ಅಲ್ಲಿ ಮಗು ಸಾಯ್ತಾ ಬಿದ್ದಿದೆ."

"ಅದು ಹೋದ ವರ್ಷದ ಫೋಟೋ ಮೇಷ್ಟ್ರೇ!"

"ಹಾಗಂತ ಇಲ್ಲಿ ಬರೆದಿಲ್ವಲ್ಲ."

ಪೇಪರಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಟೈಲರ್ ಮಷಿನ್ ನಿಲ್ಲಿಸಿದ. ಅವನು ಕೆಟ್ಟವನಲ್ಲ, ತಮಾಷೆ ಮಾಡುವ ಆಸಾಮಿ, ಅವತ್ತೂ ಬಾಯಿ ತಡೆಯಲಿಲ್ಲ. "ನೀನೇ ಹೇಳ್ತಿದ್ಯಲ್ಲಪ್ಪ. ಪೇಪರಲ್ಲಿ ಬಂದಮೇಲೆ ಇನ್ನೇನು ಕೇಳೋದಿದೆ ಅಂತ."

ಒಂದಿಬ್ಬರು ನಕ್ಕರು. ನಾನು ಅಳತೆ ಟೇಪನ್ನು ಸುತ್ತುತ್ತ, ಬಿಚ್ಚುತ್ತ ಕೂತಿದ್ದೆ. ಹಾಗೇ ಬಿಟ್ಟಿದ್ದರೆ ಆ ಸುದ್ದಿಯನ್ನು ಅರ್ಧ ಬೀದಿ ಮೇಲೆ ಮೇಲೆ ನೋಡಿ ಮಗುಚುತ್ತಿತ್ತು, ಇನ್ನರ್ಧ ಮೂರು ದಿನದಲ್ಲಿ ಮರೆಯುತ್ತಿತ್ತು. ಈಗ ಮೇಷ್ಟ್ರ ಆ ಒಂದು ಹಾಳೆ ಮನೆಯಿಂದ ಮನೆಗೆ ಹೋಯಿತು. ಮಡಿಕೆಯಲ್ಲಿ ಹರಿದು ಎರಡಾಗುವವರೆಗೂ ಓದಿದರು. ಯಾವತ್ತೂ ಪತ್ರಿಕೆ ಓದದವಳು ನನ್ನ ಹೆಂಡತಿ, ಅವಳೂ ಎರಡು ಸಲ ಓದಿದಳು.

ಅಕ್ಕ ಸಂಜೆ ಕಸ ಗುಡಿಸುವಾಗ ಮಂಚದ ಕೆಳಗಿನ ರಾಶಿ ಸಿಕ್ಕಿತು. ಇದನ್ನು ಪೇಪರಣ್ಣನೇ ಆಮೇಲೆ ನನಗೆ ಹೇಳಿದ್ದು. ಆಕೆ ಬೈಯಲಿಲ್ಲವಂತೆ. ಒಂದು ಹಾಳೆ ಎಳೆದುಕೊಂಡು ತನ್ನ ಮುಖ ತಾನೇ ನೋಡುತ್ತ ಬಹಳ ಹೊತ್ತು ಕೂತಿದ್ದಳಂತೆ. ಕೊನೆಗೆ ಕೇಳಿದ್ದು ಇಷ್ಟೇ:

"ಯಾಕೋ ತೆಗೆದೆ? ನಾನು ತಪ್ಪು ಮಾಡಿದೀನಿ ಅಂತ ನಿಂಗೂ ಅನ್ನಿಸ್ತಾ?"

ಅಕ್ಕನನ್ನು ಕೆಲಸದಿಂದ ಅಮಾನತು ಮಾಡಿದರು. ಮಗು ಮೂರನೆಯ ದಿನ ಕಣ್ಣು ಬಿಟ್ಟು ಹಾಲು ಕೇಳಿತು. ರಕ್ತ ಪರೀಕ್ಷೆಯಲ್ಲಿ ಗೊತ್ತಾದದ್ದು, ಅದು ಅಜ್ಜನ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಪೆಪ್ಪರಮಿಂಟೆಂದು ತಿಂದಿತ್ತು. ಅಜ್ಜನೇ ಬಂದು ಖಾಲಿ ಡಬ್ಬಿ ತೋರಿಸಿ ಒಪ್ಪಿಕೊಂಡ. ಹತ್ತೊಂಬತ್ತನೆಯ ದಿನ ಅಕ್ಕನ ತಪ್ಪು ಏನೂ ಇಲ್ಲ ಎಂದು ಆದೇಶವಾಯಿತು. ಆಸ್ಪತ್ರೆಯವರು ನಮ್ಮ ಪತ್ರಿಕೆಗೂ ಒಂದು ಪತ್ರ ಕಳಿಸಿದರು.

ಅದಕ್ಕೆ ಎರಡು ದಿನ ಮೊದಲು ಪೇಪರಣ್ಣ ನಮ್ಮ ಮನೆಗೆ ಬಂದಿದ್ದ. ಇಷ್ಟು ವರ್ಷದಲ್ಲಿ ಗೇಟು ದಾಟಿ ಒಳಗೆ ಬಂದದ್ದು ಅದೇ ಮೊದಲು. ಕುರ್ಚಿಯ ತುದಿಯಲ್ಲಿ ಕೂತ.

"ಸಾರ್, ನೀವು ಆಫೀಸಿನವರು. ಸತ್ಯ ಗೊತ್ತಾದಮೇಲೆ ಅದನ್ನೂ ಹಾಕಿಸ್ತೀರಾ? ಅಷ್ಟೇ ದೊಡ್ಡದಾಗಿ ಬೇಡ. ಹಾಕಿದ್ರೆ ಸಾಕು."

"ಹಾಕಿಸ್ತೀನಿ," ಎಂದೆ.

ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಹೆಬ್ಬೆರಳಿನಲ್ಲಿ ಇನ್ನೂ ಆ ಟ್ಯೂಬಿನ ತುಂಡಿತ್ತು, ಬೆರಳುಗಳೆಲ್ಲ ಶಾಯಿ. ಈಗ ಹೇಳಿಬಿಡೋಣ ಎಂದು ಬಾಯಿಯವರೆಗೂ ಬಂತು. ನನ್ನ ಹೆಂಡತಿ ಕಾಫಿ ತಂದಳು. ಲೋಟ ತೆಗೆದು ಅವನ ಕೈಗಿಟ್ಟೆ.

ಸಂಪಾದಕರು ಆಸ್ಪತ್ರೆಯ ಪತ್ರವನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಮೇಜಿನ ಮೇಲೆ ಬಿಟ್ಟರು. "ನಾಲ್ಕು ಸಾಲು ಸಾಕು. ದೊಡ್ಡದು ಮಾಡ್ಬೇಡಿ, ನಾವೇ ತಪ್ಪು ಮಾಡಿದ ಹಾಗೆ ಕಾಣುತ್ತೆ." ನಾಲ್ಕು ಸಾಲು ಬರೆದೆ. ಅದರಲ್ಲಿ ನಾವು ಎಂಬ ಮಾತಿಲ್ಲ, ತಪ್ಪು ಎಂಬ ಮಾತಿಲ್ಲ, ವಿಷಾದವೂ ಇಲ್ಲ. ಸಂಬಂಧಪಟ್ಟ ಸಿಬ್ಬಂದಿಯ ಲೋಪವಿಲ್ಲವೆಂದು ಆಸ್ಪತ್ರೆ ಸ್ಪಷ್ಟಪಡಿಸಿದೆ ಎಂದಿತ್ತು. ಏಳನೆಯ ಪುಟದ ತಳದಲ್ಲಿ, ಹವಾಮಾನದ ಕೆಳಗೆ, ಕಳೆದುಹೋದ ಅಂಕಪಟ್ಟಿಗಳ ಪ್ರಕಟಣೆಯ ಪಕ್ಕದಲ್ಲಿ ಅದಕ್ಕೆ ಜಾಗ ಸಿಕ್ಕಿತು. ಅಲ್ಲಿ ಯಾರ ಕಣ್ಣೂ ಹೋಗುವುದಿಲ್ಲ. ಅದಕ್ಕೇ ಅಲ್ಲಿ ಹಾಕುವುದು.

ಇದು ಪೇಪರಣ್ಣನಿಗೂ ಗೊತ್ತಿತ್ತು. ಯಾರು ಯಾವ ಪುಟ ಓದುತ್ತಾರೆ, ಎಲ್ಲಿ ನಿಲ್ಲಿಸುತ್ತಾರೆ ಎಂದು ಬೀದಿಯ ನಾಡಿ ಅವನಿಗೆ ಗೊತ್ತು. ಆ ಬೆಳಿಗ್ಗೆ ಕಟ್ಟು ಬಿಚ್ಚಿ ನಾಲ್ಕು ಸಾಲು ಹುಡುಕಿದಾಗ ಅವನಿಗೆ ಖುಷಿಯಾಯಿತಂತೆ, ಆಮೇಲೆ ಅದು ಇದ್ದ ಜಾಗ ನೋಡಿದನಂತೆ. ಹೀಗೇ ಹಾಕಿದರೆ ಅಕ್ಕನ ಪಾಲಿಗೆ ಅದು ಅಚ್ಚಾಗಿಯೂ ಇಲ್ಲದ ಹಾಗೆ. ಅವನ ಕೈಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಏಳನೆಯ ಪುಟವಿದ್ದದ್ದು ಎಲ್ಲಕ್ಕಿಂತ ಒಳಗಿನ ಹಾಳೆಯಲ್ಲಿ. ಅದನ್ನು ಹೊರಗೆಳೆದು, ಇಡೀ ಪತ್ರಿಕೆಗೆ ಮೇಲಿನಿಂದ ಹೊದಿಸಿ ಮಡಿಸಿದ. ನಾಲ್ಕು ಸಾಲಿನ ಸುತ್ತ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದ. ಹೀಗೆ ಇನ್ನೂರ ನಲವತ್ತು. ಅವತ್ತು ಬೀದಿಗೆ ಪತ್ರಿಕೆ ಬಂದದ್ದು ಒಂದು ಗಂಟೆ ತಡವಾಗಿ, ಏಳನೆಯ ಪುಟವನ್ನು ಮುಖಕ್ಕೆ ಹೊತ್ತುಕೊಂಡು.

ಟೈಲರ್ ಅಂಗಡಿಗೆ ಅವನು ಅವತ್ತು ಓಡಿಬಂದ. ಮೂರು ವಾರದಲ್ಲಿ ಮೊದಲ ಸಲ ನಗು ಇತ್ತು ಮುಖದಲ್ಲಿ. ಸೊಂಟ ಬಿಡಿಸಲು ಕೊಟ್ಟಿದ್ದ ಪ್ಯಾಂಟು ತರಲು ನಾನೂ ಅಲ್ಲಿಗೆ ಹೋಗಿದ್ದೆ.

"ನೋಡಿದ್ರಾ? ಇದೂ ಪೇಪರಲ್ಲೇ ಬಂದಿದೆ!"

ಮೇಷ್ಟ್ರು ಕನ್ನಡಕ ಹಣೆಗೇರಿಸಿದರು. "ಬಂದಿದೆಯಾ, ತಂದಿದೀಯಾ?"

"ಏನು ಮೇಷ್ಟ್ರೇ ಹಾಗಂದ್ರೆ?"

"ಏಳನೇ ಪುಟ ಮೇಲೆ ಹೇಗಪ್ಪ ಬಂತು? ಕೆಂಪು ಗೆರೆ ಯಾರದ್ದು, ಸಂಪಾದಕರದ್ದಾ?"

"ಗೆರೆ ನಂದೇ. ಹಾಳೆ ಮೇಲಿಟ್ಟಿದ್ದೂ ನಾನೇ. ಒಳಗಿದ್ರೆ ನೀವು ಓದಲ್ಲ ಅಂತ."

"ಕರಪತ್ರ ಅಚ್ಚು ಹಾಕೋರು ನಿಂಗೆ ದಿನಾ ಸಿಗ್ತಾರಲ್ಲ," ಎಂದ ಟೈಲರ್. "ಅವತ್ತು ಹಾಳೆ ತೆಗೆದೋನಿಗೆ ಇವತ್ತು ಒಂದು ಹಾಳೆ ಸೇರಿಸೋದು ಏನು ಮಹಾ?"

ಪೇಪರಣ್ಣನ ನಗು ನಿಂತಿತು. ಅವನು ಪತ್ರಿಕೆ ತೆರೆದು ಪುಟದ ಅಂಕಿ ತೋರಿಸಿದ, ಹಿಂದಿನ ಪುಟ ತೋರಿಸಿದ, ಹವಾಮಾನ ತೋರಿಸಿದ. ಬಸ್ ನಿಲ್ದಾಣಕ್ಕೆ ಹೋಗಿ ಇನ್ನೊಂದು ಪ್ರತಿ ತಂದು ನೋಡಿ ಎಂದು ಕೈಮುಗಿದ. ಪದಬಂಧಕ್ಕೆ ಅಷ್ಟು ದೂರ ನಡೆದಿದ್ದ ಮೇಷ್ಟ್ರಿಗೆ ಅವತ್ತು ಮೊಣಕಾಲು ನೋವಿತ್ತು. ಅವರು ನನ್ನ ಕಡೆ ತಿರುಗಿದರು.

"ನೀವು ಅಲ್ಲೇ ಇರೋರು. ನೀವೇ ಹೇಳಿ ಸಾರ್. ನಿಮ್ಮ ಪತ್ರಿಕೇಲಿ ಏಳನೇ ಪುಟ ಯಾವತ್ತಾದ್ರೂ ಮೇಲೆ ಬಂದಿದ್ಯಾ?"

ಎಲ್ಲರೂ ನನ್ನನ್ನು ನೋಡಿದರು. ಪೇಪರಣ್ಣ ಒಮ್ಮೆ ನೋಡಿ ಕಣ್ಣು ಕೆಳಗೆ ಹಾಕಿದ. ಈ ನಾಲ್ಕು ಸಾಲು ನಾನೇ ಬರೆದದ್ದು ಎಂದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರು ಅಲ್ಲಿಗೆ ಬಿಡುವವರಲ್ಲ. ಹಾಗಾದರೆ ಆ ಮೊದಲಿನದ್ದು ಯಾರು ಬರೆದರು ಸಾರ್ ಎಂದು ಕೇಳಿಯೇ ಕೇಳುತ್ತಿದ್ದರು. ಆ ಪ್ರಶ್ನೆ ನನ್ನ ಕಿವಿಗೆ ಆಗಲೇ ಬಿದ್ದ ಹಾಗಾಯಿತು.

"ಇಲ್ಲ," ಎಂದೆ.

ಅದು ನಿಜ. ಏಳನೆಯ ಪುಟ ಯಾವತ್ತೂ ಮೇಲೆ ಬಂದಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟು, ಬೇಕಾಗಿದ್ದ ಮಾತನ್ನು ಕತ್ತರಿಸಿಹಾಕಿದೆ. ಇಪ್ಪತ್ತಾರು ವರ್ಷ ಸಂಬಳ ತೆಗೆದುಕೊಂಡದ್ದೇ ಆ ಕೆಲಸಕ್ಕೆ.

ಪೇಪರಣ್ಣ ಸೈಕಲ್ ಹತ್ತಿ ಹೋದ. ಸಂಜೆ ನಮ್ಮ ಗೇಟಿನ ಹತ್ತಿರ ಕಾದಿದ್ದ. ನನಗೆ ಎದುರಾಗಲು ಧೈರ್ಯವಿರಲಿಲ್ಲ, ಅವನೇ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ.

"ಬೇಜಾರು ಮಾಡ್ಕೋಬೇಡಿ ಸಾರ್. ನೀವು ಇದ್ದದ್ದೇ ಹೇಳಿದ್ರಿ. ನೀವು ಹಾಕಿಸಿಕೊಟ್ರಿ ಅಂತ ನಾನೂ ಬಾಯಿ ಬಿಡಲಿಲ್ಲ. ಆಫೀಸಲ್ಲಿ ನಿಮಗೆ ತೊಂದರೆ ಆಗಬಾರದು."

ಬೈದಿದ್ದರೆ ನಾನು ಉಳಿದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

ಅಕ್ಕ ಮತ್ತೆ ಅದೇ ಕಿಟಕಿಗೆ ಹೋದಳು. ಜನ ಬಾಟಲಿ ತೆಗೆದುಕೊಂಡು ಆಕೆಯ ಎದುರೇ ಬೆಳಕಿಗೆ ಹಿಡಿದು ದಿನಾಂಕ ಹುಡುಕುತ್ತಿದ್ದರು. ಕೆಲವರು ಪಕ್ಕದವರಿಗೆ ಕೊಟ್ಟು ಓದಿಸುತ್ತಿದ್ದರು. ಸ್ವಲ್ಪ ದಿನದ ಮೇಲೆ, ಅವರು ಕೈ ಎತ್ತುವ ಮೊದಲೇ ಆಕೆಯೇ ಗಟ್ಟಿಯಾಗಿ ಓದತೊಡಗಿದಳು. ತಿಂಗಳು ಇಂಥದ್ದು, ವರ್ಷ ಇಂಥದ್ದು, ನೋಡಿಕೊಳ್ಳಿ. ದಿನಕ್ಕೆ ನೂರು ನೂರೈವತ್ತು ಸಲ, ನಿವೃತ್ತಿಯಾಗುವವರೆಗೆ ಏಳು ವರ್ಷ. ಪೊಟ್ಟಣದ ಮೇಲೆ ಸೂರ್ಯ ಚಂದ್ರ ಬರೆಯಲು ಆಮೇಲೆ ಪುರುಸೊತ್ತು ಸಿಗಲಿಲ್ಲ.

ಪೇಪರಣ್ಣನನ್ನೂ ಬೀದಿ ಬಿಡಲಿಲ್ಲ. ಪತ್ರಿಕೆ ಅವನಿಂದಲೇ ತೆಗೆದುಕೊಂಡರು, ಆದರೆ ಗೇಟಿನಲ್ಲಿ ನಿಂತು ಅವನ ಎದುರೇ ಹಾಳೆ ಎಣಿಸಿದರು. ಮೊದಮೊದಲು ಅನುಮಾನಕ್ಕೆ, ಆಮೇಲೆ ತಮಾಷೆಗೆ, ಕೊನೆಗೆ ಸುಮ್ಮನೆ ರೂಢಿಗೆ. ಅವನು ಒಂದು ಕಾಲು ನೆಲಕ್ಕೆ ಊರಿ ಅವರು ಎಣಿಸಿ ಮುಗಿಸುವವರೆಗೆ ಕಾಯುತ್ತಿದ್ದ. ಸುದ್ದಿ ಹೇಳುವುದನ್ನು ಬಿಟ್ಟ. ಓದುವುದನ್ನೂ ಬಿಟ್ಟಿರಬೇಕು. ಒಂದು ಸಲ ಊರಿಗೆ ಊರೇ ಮಾತಾಡುತ್ತಿದ್ದ ಸುದ್ದಿಯನ್ನು ನಾನು ಎತ್ತಿದರೆ, "ಹೌದಾ ಸಾರ್?" ಎಂದ. ಬೇರೆಯವರ ಮನೆಗೆ ಗೇಟಿನಿಂದಲೇ ಎಸೆಯುತ್ತಿದ್ದವನು ನನ್ನ ಮನೆಗೆ ಮಾತ್ರ ಸೈಕಲ್ ಇಳಿದು ಬಂದು, ಮಡಿಕೆ ಮುದುರದ ಹಾಗೆ ಬಾಗಿಲಿನ ಸಂದಿಯಲ್ಲಿ ಇಟ್ಟುಹೋಗುತ್ತಿದ್ದ. ಮಳೆಯಿ‌ದ್ದರೆ ಪ್ಲಾಸ್ಟಿಕ್ ಸುತ್ತಿ. ಹನ್ನೆರಡು ವರ್ಷ ಆ ಉಪಕಾರಸ್ಮರಣೆಯನ್ನು ನಾನು ಬಾಗಿಲು ತೆರೆದು ಬಗ್ಗಿ ಎತ್ತಿಕೊಂಡೆ.

ನಿಧನವಾರ್ತೆ ಓದಿದ ಹತ್ತನೆಯ ದಿನ ಅಕ್ಕ ನಮ್ಮ ಮನೆಗೆ ಬಂದಳು. ಆಟೋದವನ ಕೈಯಲ್ಲಿ ಸೆಣಬಿನ ದಾರ ಕಟ್ಟಿದ ಒಂದು ಕಟ್ಟು ಇಳಿಸಿದಳು. ಹಳದಿಗೆ ತಿರುಗಿದ ಹಾಳೆಗಳು. ನೋಡಿದ ಕೂಡಲೇ ಗೊತ್ತಾಯಿತು.

"ಇವನ್ನ ಅವನು ಇಟ್ಕೊಂಡೇ ಇದ್ದ," ಎಂದಳು. "ರದ್ದಿಗೆ ಹಾಕಿದ್ರೆ ಅಂಗಡಿಯವರು ಪೊಟ್ಟಣ ಕಟ್ತಾರೆ, ಮತ್ತೆ ಮನೆಮನೆಗೂ ನನ್ನ ಮುಖ ಹೋಗುತ್ತೆ ಅಂತ ಹೆದರಿಕೆ ಅವನಿಗೆ. ಒಂದು ಸಲ ಸುಡೋಕೆ ಹೋದ. ನನ್ನ ಫೋಟೋಗೆ ಬೆಂಕಿ ಇಡೋಕೆ ಕೈ ಬರ್ಲಿಲ್ವಂತೆ. ನೀವು ಆಫೀಸಲ್ಲಿದ್ದೋರು, ಏನು ಮಾಡ್ಬೇಕು ಅಂತ ನಿಮಗೆ ಗೊತ್ತಿರುತ್ತೆ. ನಿಮಗೇ ಕೊಡು ಅಂದಿದ್ದ. ನೀವೊಬ್ರು ನಮ್ಮ ಪರವಾಗಿ ನಿಂತ್ರಿ ಅಂತ ಕೊನೇವರೆಗೂ ಹೇಳ್ತಿದ್ದ."

ಕೂರಿ ಎಂದೆ. ಕೂತಳು. ನನ್ನ ಹೆಂಡತಿ ಒಳಗೆ ಹೋದಳು. ಅಕ್ಕ ಕಟ್ಟಿನ ಮೇಲಿನ ಹಾಳೆಯನ್ನು ಅಂಗೈಯಿಂದ ಸವರಿ ಸರಿಮಾಡಿದಳು.

"ಒಂದು ಕೇಳ್ಲಾ? ಸಿಟ್ಟಿಗಲ್ಲ, ಸುಮ್ಮನೆ. ಇದನ್ನ ಬರೆದೋರು ಯಾರು ಅಂತ ನಿಮಗೆ ಗೊತ್ತಿತ್ತಾ? ಈ ಮೇಲಿನ ದಪ್ಪ ಅಕ್ಷರದ್ದು."

ಅರವತ್ತೈದರ ಹೆಂಗಸು. ಕೆಲಸ ಮುಗಿದಿತ್ತು, ತಮ್ಮ ಹೋಗಿದ್ದ, ನಾನೂ ನಿವೃತ್ತ. ಹೇಳಿದರೆ ನನ್ನಿಂದ ಕಿತ್ತುಕೊಳ್ಳಲು ಯಾರಿಗೂ ಏನೂ ಉಳಿದಿರಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ. "ಡೆಸ್ಕಿನಲ್ಲಿ ಹತ್ತು ಜನ ಇರ್ತಾರೆ."

ಆಕೆ ತಲೆಯಾಡಿಸಿದಳು. ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ, ಮುಂದೆ ಚಾಚುವ ಮೊದಲು, ಹಾಳೆಯ ತುದಿಯಲ್ಲಿದ್ದ ದಿನಾಂಕವನ್ನು ಅಭ್ಯಾಸದಂತೆ ಗಟ್ಟಿಯಾಗಿ ಓದಿದಳು. ತಿಂಗಳು ಓದಿದಳು, ವರ್ಷ ಓದಿದಳು. "ನೋಡ್ಕೊಳ್ಳಿ," ಎಂದು ನನ್ನ ಕೈಗೆ ಕೊಟ್ಟಳು.